ಗೊಟರುಗಪ್ಪೆ ಸಾಹೇಬ್ರು ಎಂಬ ವೈಫೈ

ಮನೆಯ ವೈಫೈಗೆ 'ಗೊಟರುಗಪ್ಪೆ ಸಾಹೇಬ್ರು' ಎಂದು ಹೆಸರಿಟ್ಟವನು ನಕ್ಷೆಗಾರನೇ. ಇಟ್ಟದ್ದು ಸಿಟ್ಟಿನಲ್ಲಿ.

ಅವನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಕೆಲಸ. ತಿಂಗಳ ಹಿಂದೆ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡು ರಜೆ ಕೇಳಿದಾಗ ಮ್ಯಾನೇಜರ್ ಸಾಹೇಬರು ಫೋನಿನಲ್ಲಿ, "ಮುರಿದದ್ದು ಕಾಲಲ್ವೇನ್ರೀ? ನಕ್ಷೆ ಬರೆಯೋದು ಕೈಯಲ್ಲಿ ತಾನೆ? ಮನೇಲೇ ಕೂತು ಬರೀರಿ" ಎಂದಿದ್ದರು. ಸಾಹೇಬರಿಗೆ ಪ್ರತಿ ಮಾತಿಗೂ ಮೊದಲು ಎರಡೂ ಕೆನ್ನೆ ಉಬ್ಬಿಸಿ ಗಂಟಲಲ್ಲಿ 'ಗೊಟರ್' ಎನ್ನಿಸುವ ಅಭ್ಯಾಸ. ಆ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ವೈಫೈ ಪೆಟ್ಟಿಗೆ ಜೋಡಿಸಲು ಬಂದಾತ, "ಏನಂತ ಹೆಸರು ಕೊಡ್ಲಿ ಸಾರ್?" ಎಂದು ಕೇಳಿದ. ಬಾಯಿಗೆ ಬಂದದ್ದನ್ನು ನಕ್ಷೆಗಾರ ಹೇಳಿಬಿಟ್ಟ. ಆತ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಒತ್ತಿ, ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಹೊರಟುಹೋದ.

ಆಮೇಲೆ ಅದು ಯಾರಿಗೂ ನೆನಪಿರಲಿಲ್ಲ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಸಾಹೇಬರ ಫೋನ್ ಬರುವವರೆಗೆ.

"ಗೊಟರ್... ಮೂರೂವರೆಗೆ ನಿಮ್ಮ ಮನೆಗೇ ಬರ್ತಿದೀನಿ. ಅಂಚಿನ ಬಡಾವಣೆ ನಕ್ಷೆ ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡು, ನನ್ನ ಸಹಿ ಸೇರಿಸಿ, ಅದರಿಂದಲೇ ಐದರೊಳಗೆ ಮುಖ್ಯ ಕಚೇರಿಗೆ ಕಳಿಸ್ಬೇಕು. ಐದಾಯ್ತು ಅಂದ್ರೆ ಆ ಬಡಾವಣೆಗೆ ಈ ವರ್ಷ ಕೊಳವೆ ಇಲ್ಲ. ನಿಮಗೆ ಹಿರಿಯ ನಕ್ಷೆಗಾರರ ಹುದ್ದೇನೂ ಇಲ್ಲ. ಮನೇಲಿ ವೈಫೈ ಇದೆಯಷ್ಟೆ?"

"ಇದೆ ಸಾರ್" ಎಂದ ನಕ್ಷೆಗಾರ. ಅಂದ ಮೇಲೆ ಆ ಹೆಸರು ನೆನಪಾಯಿತು. ಲ್ಯಾಪ್‌ಟಾಪ್ ತೆರೆದ ಕೂಡಲೇ ಪಟ್ಟಿಯ ಮೊದಲ ಸಾಲಿನಲ್ಲೇ ಸಾಹೇಬರಿಗೆ ಸಾಹೇಬರ ದರ್ಶನವಾಗಲಿತ್ತು.

"ರೀ, ಹೆಸರು ಬದಲಾಯಿಸಿದ್ರೆ ಆಯ್ತಪ್ಪ" ಎಂದಳು ಹೆಂಡತಿ.

ಹೇಗೆ ಬದಲಾಯಿಸುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್‌ನನ್ನು ಕರೆತಂದಳು. ಆತನಿಗೆ ಲಿಫ್ಟ್ ಒಂದನ್ನು ಬಿಟ್ಟು ಲೋಕದ ಬೇರೆಲ್ಲ ಯಂತ್ರಗಳ ಬಗ್ಗೆಯೂ ಅಭಿಪ್ರಾಯವಿತ್ತು.

"ಬದಲಾಯಿಸ್ಬಾರ್ದು ಸಾರ್! ನಿಮ್ಮ ಟಿವಿ, ಪ್ರಿಂಟರ್, ಫೋನು ಎಲ್ಲಾ ದಿಕ್ಕಾಪಾಲಾಗುತ್ತೆ. ಬಚ್ಚಿಡ್ಬೇಕು. ಇಲ್ಲೊಂದು ಟಿಕ್ ಹಾಕಿದ್ರೆ ಹೆಸರು ಮಾಯ. ಕಾಣದೆ ಇರೋದನ್ನ ಕಳ್ಳ ಹೇಗೆ ಕದೀತಾನೆ? ಭದ್ರತೆಗೆ ಭದ್ರತೆ, ಮರ್ಯಾದೆಗೆ ಮರ್ಯಾದೆ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ಅವರು.

"ಅಳಿಯಂದ್ರೇ, ಡೈರೆಕ್ಟರಿಯಿಂದ ನಂಬರ್ ತೆಗೆಸಿದ ಮಾತ್ರಕ್ಕೆ ಫೋನ್ ಬಡ್ಕೊಳ್ಳೋದು ನಿಲ್ತಿತ್ತೇ? ಇದೂ ಅಷ್ಟೆ. ಪೆಟ್ಟಿಗೆ ಹೆಸರು ಹೇಳ್ದೆ ಸುಮ್ನಿದ್ರೆ ನಿಮ್ಮ ಫೋನು ಸುಮ್ನಿರುತ್ತಾ? ಹೋದಲ್ಲೆಲ್ಲ 'ಗೊಟರುಗಪ್ಪೆ ಇದ್ದೀಯಾ, ಗೊಟರುಗಪ್ಪೆ ಇದ್ದೀಯಾ' ಅಂತ ಕೂಗ್ತಾ ಇರುತ್ತೆ. ಕೇಳಿಸ್ಕೊಳ್ಳೋ ಯಂತ್ರ ಇಟ್ಕೊಂಡವನಿಗೆ ಕೇಳೇ ಕೇಳುತ್ತೆ. ಕಳ್ಳನ್ನ ತಡೆಯೋದು ಪಾಸ್‌ವರ್ಡು. ಅದನ್ನ ಉದ್ದ ಮಾಡಿ, ಹೆಸರನ್ನ ಬೇರೆ ಮಾಡಿ. ಮುಗೀತು."

"ಅಮ್ಮಾ, ಅದು ನಿಮ್ಮ ಕಾಲದ ಫೋನು" ಎಂದ ಮೆಕ್ಯಾನಿಕ್ ಕನಿಕರದಿಂದ.

ಗಂಡಸರಿಬ್ಬರಿಗೂ ಅವಸರ. ಟಿಕ್ ಬಿತ್ತು. ಪೆಟ್ಟಿಗೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಪಟ್ಟಿಯಿಂದ ಹೆಸರು ಮಾಯವಾಯಿತು. ಅದರ ಜೊತೆಗೇ ನಕ್ಷೆಗಾರನ ಕಂಪ್ಯೂಟರಿನ ಇಂಟರ್ನೆಟ್ಟೂ ಹೋಯಿತು.

"ಅದು ಸಹಜ ಸಾರ್. ಇನ್ಮೇಲೆ ಹೆಸರನ್ನ ಕೈಯಲ್ಲೇ ಟೈಪ್ ಮಾಡ್ಬೇಕು. ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಒಳಗೆ ಬಿಡಲ್ಲ. ಎಂಥಾ ಭದ್ರತೆ ನೋಡಿ!" ಮೆಕ್ಯಾನಿಕ್ ಹೆಮ್ಮೆಯಿಂದ ಟೈಪ್ ಮಾಡಿ ತೋರಿಸಿದ. "ಪೆಟ್ಟಿಗೆಯ ಒಳಗಿನ ಸೆಟ್ಟಿಂಗಿಗೂ ಹೊಸ ಬೀಗ ಹಾಕಿದೀನಿ. ಯಾರೂ ಮುಟ್ಟೋ ಹಾಗಿಲ್ಲ."

ಆ ಹೊಸ ಬೀಗದ ಗುಟ್ಟನ್ನು ಹೇಳುವಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಎಲ್ಲೋ ಆಸ್ಪತ್ರೆಯ ಲಿಫ್ಟಿನಲ್ಲಿ ನಾಲ್ವರು ಸಿಕ್ಕಿಕೊಂಡಿದ್ದರು. ಅವನು ಚೀಲ ಎತ್ತಿಕೊಂಡು ಓಡಿಯೇಬಿಟ್ಟ.

ಗಂಟೆ ಮೂರು. ಆಗ ಅತ್ತೆ ನಿಧಾನವಾಗಿ ಕೇಳಿದರು. "ಅಲ್ಲ, ಸಾಹೇಬರು ಲ್ಯಾಪ್‌ಟಾಪ್ ತೆಗೆದು ನಿಮ್ಮ ವೈಫೈ ಹೆಸರೇನು ಅಂತ ಕೇಳಿದ್ರೆ ಏನಂತೀರಿ?"

ಅಲ್ಲಿಯವರೆಗೆ ಹೆಸರು ಪಟ್ಟಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು. ಈಗ ಅದನ್ನು ಅವನೇ, ತನ್ನ ಬಾಯಿಂದಲೇ, ಅಕ್ಷರ ಅಕ್ಷರ ಬಿಡಿಸಿ ಸಾಹೇಬರಿಗೆ ಬರೆಸಬೇಕಿತ್ತು.

ಮೆಕ್ಯಾನಿಕ್‌ಗೆ ಹನ್ನೊಂದು ಸಲ ಫೋನ್ ಮಾಡಿದ. ಲಿಫ್ಟಿನ ಬಾವಿಯೊಳಗೆ ಇಳಿದವನಿಗೆ ಸಿಗ್ನಲ್ ಎಲ್ಲಿಯದು? ಹೆಸರು ಬದಲಾಯಿಸಲೆಂದು ಪೆಟ್ಟಿಗೆಯ ಹಳೆಯ ಬೀಗದ ಗುಟ್ಟನ್ನು ಒತ್ತಿ ನೋಡಿದ. ಅದು 'ತಪ್ಪು' ಎಂದಿತು. ಹಿಂದೆ ಸೂಜಿ ತೂರಿಸುವ ಸಣ್ಣ ತೂತೊಂದಿತ್ತು. ಹೆಂಡತಿ ಸೇಫ್ಟಿ ಪಿನ್ ಹಿಡಿದು ಬಂದಳು.

"ಅದನ್ನ ಒತ್ತಿದ್ರೆ ಎಲ್ಲಾ ಅಳಿಸಿ ಹೋಗುತ್ತೆ, ಕಂಪನಿಯವರು ಬಂದು ಮತ್ತೆ ಜೋಡಿಸೋವರೆಗೆ ಇಂಟರ್ನೆಟ್ಟೇ ಇರಲ್ಲ" ಎಂದರು ಅತ್ತೆ. ಪಿನ್ ಹೆಂಡತಿಯ ಸೆರಗಿಗೆ ಮರಳಿತು.

ಮೂರು ಇಪ್ಪತ್ತಕ್ಕೇ ಕರೆಗಂಟೆ ಬಡಿದುಕೊಂಡಿತು.

ಸಾಹೇಬರು ಬಂದು ಕೂತರು. ಕಾಫಿ ಬಂತು, ಆರಿತು. ಲ್ಯಾಪ್‌ಟಾಪ್ ತೆರೆಯಿತು, ಪೆನ್‌ಡ್ರೈವಿನಿಂದ ನಕ್ಷೆ ಅದಕ್ಕೆ ಇಳಿಯಿತು. "ಗೊಟರ್... ಇದರಲ್ಲಿ ನಿಮ್ದು ಯಾವುದ್ರೀ?"

"ನಮ್ದು ಕಾಣಲ್ಲ ಸಾರ್. ಭದ್ರತೆಗೆ ಅಂತ ಹೆಸರು ಬಚ್ಚಿಟ್ಟಿದೀವಿ."

ಸಾಹೇಬರ ಹುಬ್ಬು ಮೇಲೇರಿತು. "ಭೇಷ್! ನಮ್ಮ ಕಚೇರೀಲಿ ಒಬ್ಬನಿಗೂ ಈ ಬುದ್ಧಿ ಇಲ್ಲ. ಹೇಳಿ, ಹೆಸರೇನು?"

"ಕೊಡಿ ಸಾರ್, ನಾನೇ ಟೈಪ್ ಮಾಡ್ತೀನಿ." ನಕ್ಷೆಗಾರ ಊರುಗೋಲು ಬಿಟ್ಟು ಎರಡೂ ಕೈ ಚಾಚಿದ.

ಸಾಹೇಬರು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡರು. "ಇದನ್ನ ಬೇರೆಯವರು ಮುಟ್ಟೋ ಹಾಗಿಲ್ಲ. ನಿಯಮ."

"ನಿಮ್ಮ ಫೋನಿನ ಇಂಟರ್ನೆಟ್ಟಿಂದಲೇ ಕಳಿಸಿದ್ರೆ ಹೇಗೆ ಸಾರ್?"

ಸಾಹೇಬರು ಫೋನ್ ಹಿಡಿದು ಬಾಲ್ಕನಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಾಡಿದರು. ಮಾತಾಡುವಷ್ಟು ಸಿಗ್ನಲ್ ಇತ್ತು. ಅಷ್ಟು ದೊಡ್ಡ ನಕ್ಷೆ ಅದರಲ್ಲಿ ನೂರಕ್ಕೆ ಎರಡು ಪಾಲು ಹೋಗುವಾಗಲೇ ನಾಲ್ಕು ಗಂಟೆಯಾಯಿತು. ನಾಲ್ಕೂ ಇಪ್ಪತ್ತು. ನಾಲ್ಕೂ ಮೂವತ್ತೈದು.

"ಹೆಸರು ಹೇಳ್ರೀ!" ಸಾಹೇಬರು ಒಳಗೆ ಬಂದು ಗುಡುಗಿದರು. "ನೂರಾರು ಮನೆ ನೀರಿನ ಪ್ರಶ್ನೆ!"

ಅದು ನಿಜವೇ ಆಗಿತ್ತು. ನಕ್ಷೆಗಾರ ಕಣ್ಣು ಮುಚ್ಚಿಕೊಂಡ. ಪೂರ್ತಿ ಹೇಳುವ ಧೈರ್ಯ ಬರಲಿಲ್ಲ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಕೊಟ್ಟರೆ ಅವರು ಕೂಡಿಸಿ ಓದಲಿಕ್ಕಿಲ್ಲ ಎಂದುಕೊಂಡ.

"ಜಿ, ಸಾರ್."

"ಜಿ."

"ಓ. ಟಿ. ಎ."

"ಓ... ಟಿ... ಎ... ಏನಿದು, ಊರ ಹೆಸರಾ?"

"ಏನೂ ಅಲ್ಲ ಸಾರ್, ಅರ್ಥ ಇಲ್ಲ. ಆರ್, ಯು. ಜಿ, ಎ. ಪಿ."

"ಪಿ."

"ಇನ್ನೊಂದು ಪಿ, ಸಾರ್. ಆಮೇಲೆ ಇ."

ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಳು. ಅತ್ತೆ ಕನ್ನಡಕ ತೆಗೆದು, ಧೂಳಿಲ್ಲದ ಗಾಜನ್ನು ಒರೆಸತೊಡಗಿದರು. ಉಳಿದ ಅಕ್ಷರಗಳೂ ಬಿದ್ದವು, ಪಾಸ್‌ವರ್ಡೂ ಬಿತ್ತು. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಿತು. ವೈಫೈ ಸಿಕ್ಕಿತು.

ಆದರೆ ಸಾಹೇಬರ ಬೆರಳು ನಿಂತಿತ್ತು. ಮೂಗು ಪರದೆಯ ಹತ್ತಿರ ಹೋಗಿತ್ತು.

"ಗೊ... ಟ... ರು..." ಸಾಹೇಬರು ನಿಧಾನವಾಗಿ ಕೂಡಿಸಿಕೊಂಡರು. "ಗಪ್ಪೆ." ಬೆರಳು ಪರದೆಯ ಮೇಲೆ ಮುಂದಕ್ಕೆ ಸರಿಯಿತು. "ಸಾ... ಹೇ... ಬ್ರು."

ಅವರ ಎರಡೂ ಕೆನ್ನೆ ಉಬ್ಬಿದವು. ನಕ್ಷೆಗಾರ ಗೋಡೆ ಹಿಡಿದುಕೊಂಡ. ಹಿರಿಯ ನಕ್ಷೆಗಾರನ ಹುದ್ದೆ ಕಿಟಕಿಯಿಂದ ಹಾರಿಹೋಗುವುದು ಅವನ ಕಣ್ಣಿಗೆ ಕಂಡಂತೆಯೇ ಆಯಿತು.

"ಯಾರ್ರೀ ಇದು?"

ನಕ್ಷೆಗಾರ ಊರುಗೋಲಿಗಾಗಿ ತಡಕಾಡಿದ.

ಇದ್ದಕ್ಕಿದ್ದಂತೆ ಸಾಹೇಬರು ತೊಡೆ ತಟ್ಟಿಕೊಂಡು ಗೊಟಗೊಟ ನಕ್ಕುಬಿಟ್ಟರು. "ನಮ್ಮ ಡೆಪ್ಯುಟಿ! ಅಲ್ವೇನ್ರೀ? ಅದೇ ಕಣ್ಣು, ಅದೇ ಕುಪ್ಪಳಿಸೋ ನಡಿಗೆ! ಗೊಟರ್... ಇಷ್ಟು ವರ್ಷದಿಂದ ಆತನನ್ನ ನೋಡ್ತಿದೀನಿ, ಏನನ್ನಬೇಕು ಅಂತ ಹೊಳೆದಿರ್ಲಿಲ್ಲ ನನಗೆ. ನಿಮಗೆ ಹೊಳೀತಲ್ಲ!"

ಡೆಪ್ಯುಟಿ ಎಂದರೆ ಕಚೇರಿಯ ಎರಡನೆಯ ಅಧಿಕಾರಿ. ತೆಳ್ಳನೆಯ, ಮೆತ್ತನೆಯ ಮನುಷ್ಯ. ಕಾಲು ಮುರಿದ ವಾರ ಸಾಹೇಬರಿಗೆ ತಿಳಿಯದಂತೆ ನಕ್ಷೆಗಾರನ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟಿದ್ದವನು. ಕುಪ್ಪಳಿಸುವುದಿರಲಿ, ಜೋರಾಗಿ ನಡೆದವನೂ ಅಲ್ಲ. ಇದೆಲ್ಲ ಒಂದು ಕ್ಷಣದಲ್ಲಿ ನಕ್ಷೆಗಾರನ ಮನಸ್ಸಿನಲ್ಲಿ ಹಾದುಹೋಯಿತು. ಇನ್ನೊಂದು ಕ್ಷಣದಲ್ಲಿ ಅವನ ತಲೆ ತಾನಾಗಿಯೇ ಮೇಲೆ ಕೆಳಗೆ ಆಡಿತು.

"ಹೌದು ಸಾರ್. ಅವರೇ."

ಅತ್ತೆ ಕನ್ನಡಕ ಹಾಕಿಕೊಂಡು ಅಳಿಯನನ್ನು ಒಮ್ಮೆ ನೋಡಿದರು.

ನಕ್ಷೆ ನಾಲ್ಕು ಐವತ್ತೆರಡಕ್ಕೆ ಮುಖ್ಯ ಕಚೇರಿ ತಲುಪಿತು. ತಲುಪಿದೆ ಎಂಬ ಉತ್ತರವೂ ಬಂತು. ಸಾಹೇಬರು ಯಾರಿಗೋ ಮಾತಾಡಬೇಕೆಂದು ಬಾಲ್ಕನಿಗೆ ಹೋದರು. ನಕ್ಷೆಗಾರ ಸೋಫಾದ ಮೇಲೆ ಕುಸಿದು, ಆ ದಿನ ಮೊದಲ ಸಲ ಉಸಿರನ್ನು ಪೂರ್ತಿ ಎಳೆದುಕೊಂಡ. ಆರಿದ ಕಾಫಿಯನ್ನೇ ಒಂದು ಗುಟುಕು ಕುಡಿದ. ಹೊರಗಿನಿಂದ ಸಾಹೇಬರ ನಗು ಅಲೆ ಅಲೆಯಾಗಿ ಬರುತ್ತಿತ್ತು.

ಅವರು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ನಿಮಗೆ ಹೇಳೋದೇ ಮರೆತಿದ್ದೆ. ಇವತ್ತಿಗೆ ಈ ಕಚೇರೀಲಿ ನನ್ನ ಕೆಲಸ ಮುಗೀತು. ನನಗೆ ವರ್ಗ ಆಗಿದೆ. ಈ ನಕ್ಷೆ ಹೋಗೋವರೆಗೂ ಯಾರಿಗೂ ಹೇಳ್ಬಾರ್ದು ಅಂತಿತ್ತು."

"ಹೌದಾ ಸಾರ್?" ನಕ್ಷೆಗಾರನ ದನಿಯಲ್ಲಿ ದುಃಖ ತರುವುದು ಕಷ್ಟವಾಯಿತು. "ನಿಮ್ಮ ಜಾಗಕ್ಕೆ ಯಾರು?"

"ಇನ್ಯಾರು, ಡೆಪ್ಯುಟಿ. ಈಗ ಅವರಿಗೇ ಫೋನ್ ಮಾಡಿದ್ದು, ಅಭಿನಂದನೆ ಹೇಳೋಣ ಅಂತ. ಹಾಗೇ ನೀವಿಟ್ಟ ಹೆಸರೂ ಹೇಳಿಬಿಟ್ಟೆ. ನಕ್ಕೂ ನಕ್ಕೂ ನನಗೆ ಸಾಕಾಯ್ತು."

"ಅವರು... ಅವರೂ ನಕ್ರಾ ಸಾರ್?"

ಸಾಹೇಬರು ನೆನಪಿಸಿಕೊಂಡರು. "ಇಲ್ಲ. ಯಾರಿಟ್ಟದ್ದು ಅಂತ ಇನ್ನೊಮ್ಮೆ ಕೇಳಿದ್ರು. ಆಮೇಲೆ, ಕೆರೆ ದಂಡೆಯ ಪಂಪ್‌ಹೌಸಿಗೆ ಒಬ್ಬ ನಕ್ಷೆಗಾರ ಬೇಕಾಗಿದ್ದ, ಯಾರನ್ನ ಹಾಕೋದು ಅಂತ ಒಂದು ವಾರದಿಂದ ತಲೆ ಕೆಡಿಸ್ಕೊಂಡಿದ್ದೆ, ಈಗ ಬಗೆಹರೀತು ಅಂದ್ರು." ಅವರು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದರು. "ಗೊಟರ್... ಬರ್ತೀನಿ."

ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ನಕ್ಷೆಗಾರ ಕೂತಲ್ಲಿಂದ ಏಳಲಿಲ್ಲ.

"ಆ ಪಂಪ್‌ಹೌಸು ಎಷ್ಟು ದೂರ ಅಳಿಯಂದ್ರೇ?" ಅತ್ತೆ ಮೆಲ್ಲಗೆ ಕೇಳಿದರು.

"ಎರಡು ಬಸ್ಸು ಬದಲಾಯಿಸ್ಬೇಕು ಅತ್ತೆ" ಎಂದ ನಕ್ಷೆಗಾರ. "ಆಮೇಲೆ ನಡೀಬೇಕು."