ಮನೆಯೇ ಪ್ಲಾಂಟ್ ಆದ ಮೇಲೆ

ಇಂದುಮತಿಯ ಗಂಡ ಭೀಮಸೇನರಾಯರು ಗುಜರಾತಿನ ಕೊಯಾಲಿಯ ಪೆಟ್ರೋಲ್ ಕಾರ್ಖಾನೆಯಲ್ಲಿ ಬೆಂಕಿ ಬೀಳದಂತೆ ಕಾಯುವ ಅಧಿಕಾರಿ. ಮನೆಗೆ ಬಂದರೆ ಬಾಯಲ್ಲೇ ಬೆಂಕಿ. ಅಹಮದಾಬಾದಿನಲ್ಲಿದ್ದ ಮಗಳು ಮೇದಿನಿ ಇದೇ ಕಾರಣಕ್ಕೆ ಬಾಣಂತನವನ್ನು ಅತ್ತೆಯ ಮನೆಯಲ್ಲೇ ಮಾಡಿಸಿಕೊಂಡಳು. ಅಪ್ಪನ ಸಿಗರೇಟು ನಿಲ್ಲುವ ತನಕ ಬರುವುದಿಲ್ಲ, ಹೊಗೆ ನಾರುವವರ ಕೈಗೆ ಕೂಸನ್ನು ಕೊಡುವುದೂ ಇಲ್ಲ ಎಂದುಬಿಟ್ಟಳು. ಇಂದುಮತಿ ಮೊಮ್ಮಗಳ ಕೆನ್ನೆಯನ್ನು ಮೊಬೈಲಿನಲ್ಲೇ ಸವರುತ್ತಿದ್ದಳು (ಸವರಿದೊಡನೆ ಕೆನ್ನೆ ಹೋಗಿ ನೆರೆಮನೆಯವರ ಢೋಕ್ಲಾದ ಫೋಟೋ ಬರುತ್ತಿತ್ತು).

ರಾಯರು ವಡೋದರಾದಲ್ಲಿ ಒಂದು ಶಿಬಿರಕ್ಕೆ ಹೋಗಿ ಬಂದರು. ಚಟ ಬಿಡಬೇಕಾದದ್ದು ಕೈಯಲ್ಲ, ಮನಸ್ಸು ಎಂದು ಅಲ್ಲಿಯ ಗುರುಗಳು ಅಪ್ಪಣೆ ಕೊಡಿಸಿದ್ದರಂತೆ. ಸೇದುವುದು ದೇಹ, ತಾನು ಬರೀ ಸಾಕ್ಷಿ ಎಂದುಕೊಂಡು ರಾಯರು ಬಾಲ್ಕನಿಯಲ್ಲಿ ಕೂತು ಮೊದಲಿಗಿಂತ ದುಪ್ಪಟ್ಟು ಸೇದಿದರು.

ಇಂದುಮತಿ ಒಂದು ದಿನ ಕೇಳಿದಳು: "ಅಲ್ಲರೀ, ಪ್ಲಾಂಟಿನ ಒಳಗ ಹೆಂಗ ತಡಕೋತೀರಿ?"

"ತಡಕೊಳ್ಳೂದೇನು ಬಂತು? ಅಲ್ಲಿ ಸೇದೂ ಮಾತೇ ಇಲ್ಲ. ಮನಸ್ಸು ಅದರ ಸುದ್ದಿಗೇ ಹೋಗೂದಿಲ್ಲ."

"ಹಂಗಾರ ಮನೀನೂ ಪ್ಲಾಂಟ್ ಅಂತ ತಿಳೀರಿ."

ತಿಳಿದರು. ಬಾಗಿಲಿಗೆ ಕೆಂಪು ಬೋರ್ಡು ಬಂತು. ಒಳಗೆ ಬರುವಾಗ ಇಂದುಮತಿಯೇ ಜೇಬು ತಡವಿ ನೋಡುತ್ತಿದ್ದಳು. ಆಶ್ಚರ್ಯವೆಂದರೆ ಸಿಗರೇಟು ನಿಜಕ್ಕೂ ನಿಂತಿತು. ಆದರೆ ಪ್ಲಾಂಟ್ ಎಂದರೆ ಪೂರ್ತಿ ಪ್ಲಾಂಟ್. ಗ್ಯಾಸ್ ಒಲೆಗೆ ಬೀಗ ಬಿತ್ತು, ಒಗ್ಗರಣೆ ಕರೆಂಟಿನ ಒಲೆಗೆ ಹೋಯಿತು, ದೇವರ ಮುಂದೆ ಬ್ಯಾಟರಿ ದೀಪ ಮಿಣುಕಿತು. ಮನೆಯಲ್ಲಿದ್ದ ಬೆಂಕಿಪೊಟ್ಟಣಗಳೆಲ್ಲ ಊರು ಬಿಟ್ಟವು. ಸುದ್ದಿ ಕೇಳಿದ ಮೇದಿನಿ ಕೂಸಿನೊಂದಿಗೆ ಹೊರಟೇಬಿಟ್ಟಳು.

ಮೊದಲ ಸಲ ಬರುವ ಕೂಸಿಗೆ ಆರತಿ ಬೇಡವೇ? ಇಂದುಮತಿ ಬೆಂಕಿ ಕೇಳಿದಳು. ಪ್ಲಾಂಟಿನೊಳಗೆ ಪರ್ಮಿಟ್ ಇಲ್ಲದೆ ಬೆಂಕಿ ಹೊತ್ತಿಸಲಾಗದು ಎಂದರು ರಾಯರು. ಪರ್ಮಿಟ್ ಕೊಡುವವರೂ ಅವರೇ. ಗಾಳಿ ಜೋರಾಗಿದೆ ಎಂದು ತಾವೇ ತಿರಸ್ಕರಿಸಿದರು. ಆಮೇಲೆ ದನಿ ಇಳಿಸಿ ಹೇಳಿದರು: "ಒಂದ ಸಲ ಕಡ್ಡಿ ಗೀರಿದರ ಇದು ಮನಿ ಅಂತ ನನ್ನ ಮನಸ್ಸಿಗೆ ಗೊತ್ತಾಗಿಬಿಡ್ತದ, ಇಂದೂ."

ಉಪಾಯ ತನ್ನದೇ, ಜಗಳಕ್ಕೆ ದಾರಿಯಿಲ್ಲ. ಇಂದುಮತಿ ಆರತಿ ತಟ್ಟೆ ಹಿಡಿದು ಕಾಲೋನಿಯ ಗೇಟಿನಾಚೆಯ ಪಾನ್ ಅಂಗಡಿಗೆ ನಡೆದಳು. ಅಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಲೈಟರು ಇತ್ತು. ಬತ್ತಿ ಹೊತ್ತಿಸಿದರೆ ಗಾಳಿಗೆ ಆರಿತು. ಮತ್ತೆ ಹೊತ್ತಿಸಿದಳು, ಮತ್ತೆ ಆರಿತು. ಪಾಳಿ ಮುಗಿಸಿ ಸಿಗರೇಟು ಸೇದುತ್ತಿದ್ದ ಗಂಡಸರು ಪಾಪ ಭಕ್ತಿಯಿಂದ, ಬಾಯಿಂದ ಸಿಗರೇಟು ತೆಗೆಯದೆಯೇ, ಅವಳ ಸುತ್ತ ಗೋಡೆ ಕಟ್ಟಿ ನಿಂತರು. ಹೊಗೆ ಮೋಡದಂತೆ ಕವಿಯಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅವಳು ಲೈಟರು ಒತ್ತಿದಳು.

ಕಾರು ಬಂದು ನಿಂತದ್ದು ಆಗಲೇ. ಮೇದಿನಿ ಗಾಜು ಇಳಿಸಿದಳು, ಮೂಗು ಮುಚ್ಚಿಕೊಂಡಳು.

"ಅಪ್ಪ ಬಿಟ್ಟರು ಅಂತ ಬಂದೆ. ನೀ ಯಾವಾಗ ಹಿಡದಿ, ಅಮ್ಮ?"

ಮನೆಯ ಬಾಗಿಲಲ್ಲಿ ಗಮಗಮ ಸಾಬೂನಿನ ವಾಸನೆಯ ರಾಯರು ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ನಡೆದರು. ಇಂದುಮತಿ ಕೈ ಚಾಚಿದಳು. ತಲೆಗೆ ಸ್ನಾನ ಮಾಡಿ ಬಾ ಎಂದು ಮಗಳು ಬಚ್ಚಲು ತೋರಿಸಿದಳು.

ನೀರು ತಣ್ಣಗೆ ಕೊರೆಯುತ್ತಿತ್ತು. ಗ್ಯಾಸ್ ಗೀಜರಿಗೂ ಪರ್ಮಿಟ್ ಆಗಿರಲಿಲ್ಲ.