ಡ್ರ್ಯಾಗನ್ನಿಗೆ ಕೋಮಲ ಗಾಂಧಾರ

ಐವತ್ತು ದಾಟಿದ ಗಂಡಸು ಕಾರಿನಲ್ಲಿ ಒಬ್ಬನೇ ಇದ್ದಾಗ ಏನು ಕೇಳುತ್ತಾನೆ ಎಂದು ಯಾರೂ ವಿಚಾರಿಸಬಾರದು. ನನ್ನನ್ನು ನೋಡಿದವರು ಭಜನೆಯೋ ಹಳೆಯ ಚಿತ್ರಗೀತೆಯೋ ಇರಬೇಕು ಎಂದುಕೊಳ್ಳುತ್ತಾರೆ. ನಾನು ಕೇಳುವುದು ಇಟಲಿಯ ಒಂದು ಪವರ್ ಮೆಟಲ್ ಆಲ್ಬಮ್, ಅಂದರೆ ಅಬ್ಬರದ ರಾಕ್ ಸಂಗೀತ. ಆಸ್ಟಿನ್ನಿನಲ್ಲಿ ಓದುತ್ತಿರುವ ಮಗಳು ಪಲ್ಲವಿ ರಜೆಗೆ ಬಂದಾಗ ನನ್ನ ಹಳೆಯ ಕಾರಿನಲ್ಲಿ ಬಿಟ್ಟುಹೋದ ಸಿ.ಡಿ. ಅದರ ತುಂಬ ಡ್ರ್ಯಾಗನ್ನು, ಮಂತ್ರದ ಕತ್ತಿ, ಸಿಂಹಾಸನ ಕಳೆದುಕೊಂಡ ರಾಣಿ. ಗಿಟಾರು, ಡ್ರಮ್ಮುಗಳಿಗೆ ಎಲ್ಲಿಲ್ಲದ ಅವಸರ. ಮುಖ್ಯ ಗಾಯಕರು ಇಬ್ಬರು: ಗಂಡಸಿನದು ತಾರಸಪ್ತಕ, ಹೆಂಗಸಿನದು ಅದಕ್ಕಿಂತ ಕೆಳಗಿನ, ಗಂಭೀರ ಧ್ವನಿ. ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕಿನ ನಮ್ಮ ಮನೆಯಿಂದ ಆಫೀಸಿಗೆ ಹೋಗುವ ಇಪ್ಪತ್ತು ನಿಮಿಷ ಇಬ್ಬರ ಪಾಲನ್ನೂ ನಾನೇ ಹಾಡುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಕಿಟಕಿ ಏರಿಸಿಕೊಂಡದ್ದೂ ಉಂಟು.

ನನ್ನ ಹೆಂಡತಿ ವಿಜಯಾ ಧಾರವಾಡದಲ್ಲಿ ಹನ್ನೊಂದು ವರ್ಷ ಹಿಂದುಸ್ತಾನಿ ಕಲಿತವಳು. ಎರಡು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆದಮೇಲೆ ಮೇಲಿನ ಸ್ವರಗಳು ಅವಳಿಗೆ ಸಿಗದಾದವು. ಹಾರ್ಮೋನಿಯಂ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದಳು. ಅಡುಗೆ ಮಾಡುವಾಗ ಗುನುಗುವುದನ್ನೂ ಬಿಟ್ಟಳು. ನಾನು ಧೈರ್ಯ ಹೇಳಲು ಹೋಗಿ ಪ್ರತಿ ಸಲವೂ ಜಗಳ ಮಾಡಿಕೊಂಡೆ.

ಒಂದು ಶನಿವಾರ ಪಲ್ಲವಿಯನ್ನು ನೋಡಲು ಇಬ್ಬರೂ ಆಸ್ಟಿನ್ನಿಗೆ ಹೊರಟೆವು. ಹ್ಯೂಸ್ಟನ್ ದಾಟಿದ ಮೇಲೆ ಅಭ್ಯಾಸಬಲದಿಂದ ಸಿ.ಡಿ. ಹಾಕಿದೆ, ಅಭ್ಯಾಸಬಲದಿಂದ ಹಾಡಿಯೂ ಹಾಡಿದೆ. ಮೂರನೆಯ ಹಾಡಿಗೆ ವಿಜಯಾಳ ಸಹನೆ ಮುಗಿಯಿತು.

“ಸಾಕ್ ಮಾಡ್ರಿ. ಆಕಿ ಅಲ್ಲೆ ಕೋಮಲ ಗಾಂಧಾರ ಹಚ್ಚ್ಯಾಳ. ನೀವು ಶುದ್ಧ ಹಿಡಕೊಂಡು ಕುಂತೀರಿ.”

“ನನಗೇನು ಗೊತ್ತಾಗ್ತದ? ನೀನ ಒಮ್ಮೆ ತೋರಿಸು.”

ತೋರಿಸಿದಳು. ನಾನು ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ನಿಲ್ಲಿಸಿಬಿಡುತ್ತಾಳೆಂದು ಮುಂದಿನ ಟ್ರಕ್ಕನ್ನೇ ನೋಡುತ್ತ ಡ್ರೈವ್ ಮಾಡಿದೆ.

“ಈಕಿ ಧ್ವನಿ ನನ್ನ ಹಂಗ ಕೆಳಗ ಅದ ನೋಡ್ರಿ,” ಎಂದಳು. “ಇನ್ನೊಮ್ಮೆ ಹಚ್ಚ್ರಿ ಅದನ್ನ.”

ಆಸ್ಟಿನ್ ಮುಟ್ಟುವಷ್ಟರಲ್ಲಿ ಆ ಹಾಡು ಹದಿನಾಲ್ಕು ಸಲ ಆಗಿತ್ತು. ಪಾರ್ಕಿಂಗಿಗೆ ಬಂದ ಪಲ್ಲವಿ ಕಾರಿನ ಬಾಗಿಲು ತೆಗೆದು, “ವೇಟ್, ಈಸ್ ದಟ್ ಅಮ್ಮಾ?” ಎಂದವಳು ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದಳು.

ದೀಪಾವಳಿಗೆ ಹ್ಯೂಸ್ಟನ್ನಿನ ಆಚೆ ಬದಿಯ ಸೈಪ್ರೆಸ್ಸಿನಲ್ಲಿ ಕನ್ನಡದವರ ಕಾರ್ಯಕ್ರಮ. ವಿಜಯಾ ತಾನಾಗಿಯೇ ಹೆಸರು ಕೊಟ್ಟಳು. ಗಂಡಸಿನ ಪಾಲು ನನ್ನದೇ ಎಂದು ನಾನು ಕಪ್ಪು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡೆ. ಎರಡು ದಿನ ನನಗೆ ಪ್ರಾಕ್ಟೀಸ್ ಮಾಡಿಸಿ, ಮೂರನೆಯ ದಿನ ಅವಳು ಫ್ಲೇವಿಯಾಳನ್ನು ಕರೆಸಿದಳು. ಇಲ್ಲಿ ಎಂ.ಎಸ್. ಮಾಡುತ್ತಿರುವ ಮಂಗಳೂರಿನವಳು, ಚರ್ಚಿನಲ್ಲಿ ಹಾಡುತ್ತಲೇ ಬೆಳೆದವಳು. ಮೇಲಿನ ಸ್ವರಗಳು ಅವಳಿಗೆ ಲೀಲಾಜಾಲ. ನನಗೆ ವಿಡಿಯೋ ತೆಗೆಯುವ ಕೆಲಸ ಸಿಕ್ಕಿತು.

ರೇಷ್ಮೆ ಸೀರೆ ಉಟ್ಟು, ಹಾರ್ಮೋನಿಯಂ ಮುಂದಿಟ್ಟುಕೊಂಡು ವಿಜಯಾ ಡ್ರ್ಯಾಗನ್ನನ್ನು ಯುದ್ಧಕ್ಕೆ ಕರೆದಾಗ ಸಭೆ ಮೊದಲು ಗಾಬರಿಯಾಯಿತು. ಫ್ಲೇವಿಯಾ ಮೇಲೆ, ಇವಳು ಕೆಳಗೆ. ಎರಡೂ ಧ್ವನಿ ಕೂಡಿದಾಗ ಜನ ಎದ್ದು ನಿಂತರು. ಪಕ್ಕದಲ್ಲಿ ನಿಂತಿದ್ದ ಅಂಕಲ್‌ಗೆ, “ನಮ್ಮ ಮನಿಯಾಕಿರಿ,” ಎಂದು ಮೂರು ಸಲ ಹೇಳಿದೆ. ಅವರು ನಮ್ಮ ಎದುರುಮನೆಯವರು. ಹನ್ನೆರಡು ವರ್ಷದಿಂದ ಅವಳನ್ನು ಬಲ್ಲವರು.

ಮರುದಿನ ವಿಡಿಯೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಹೊಗಳಿಕೆಗಳ ನಡುವೆ ಒಬ್ಬರು ಕೇಳಿದರು: “ಮೊಬೈಲ್ ಹಿಡಿದವರು ಯಾರು? ಪಾಪ, ಉದ್ದಕ್ಕೂ ಅಳ್ತಾ ಇದ್ದಾರೆ.”

ನಿಜ ಹೇಳಬೇಕೆಂದರೆ ನಾನು ದನಿಗೂಡಿಸುತ್ತಿದ್ದೆ. ಹಾಗೆಂದು ಟೈಪ್ ಮಾಡಿ, ಸ್ವಲ್ಪ ಯೋಚಿಸಿ, ಅಳಿಸಿದೆ. ಅಳುತ್ತಿದ್ದೆ ಎಂದೇ ಒಪ್ಪಿಕೊಂಡೆ.