ಪಿನಾಂಗಿಗೆ ಹೊರಟ ಲೈಸೆನ್ಸು

ಪರ್ಮಿಟ್ ಕಚೇರಿಯ ಗುಮಾಸ್ತ ಕೇಳಿದ್ದು ಒಂದೇ ಮಾತು. ಪರದೇಶದಲ್ಲಿ ಮೋಟಾರ್ ಸೈಕಲ್ ಓಡಿಸಲು ಪರ್ಮಿಟ್ ಕೊಡಬಹುದು, ಮೊದಲು ಮದರಾಸಿನ ಲೈಸೆನ್ಸ್ ತೋರಿಸಿ ಎಂದು. ಸದಾನಂದನ ಬಳಿ ಅದೊಂದೇ ಇರಲಿಲ್ಲ.

ಏಳು ವರ್ಷದಿಂದ ಅವನು ಮಾಂಬಲಂನ ಹೋಟೆಲಿನಿಂದ ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋಗಳಿಗೆ ಧಣಿ ಮಧ್ವರಾಜರ ಮೋಟಾರ್ ಸೈಕಲ್ಲಿನಲ್ಲಿ ಊಟ ಸಾಗಿಸುತ್ತಿದ್ದ. ಹಿಂದೆ, ಹಿಟ್ಟು ರುಬ್ಬುವ ಚಂದು ತೊಡೆಯ ಮೇಲೆ ಊಟದ ಕ್ಯಾರಿಯರ್ ಇಟ್ಟುಕೊಂಡು ಕೂರುತ್ತಿದ್ದ. ದಾರಿಯ ಪೊಲೀಸರೆಲ್ಲ ಹೋಟೆಲಿನ ಕಾಫಿಗೆ ಒಗ್ಗಿಹೋದವರು. ಯಾರೂ ಕಾಗದ ಕೇಳಿರಲಿಲ್ಲ.

ಈಗ ಮಲಯದ ಪಿನಾಂಗಿನಲ್ಲಿ ಹೋಟೆಲಿಟ್ಟಿದ್ದ ಧಣಿಯ ತಮ್ಮ ಕಮಲಾಕರರು, ಅಲ್ಲಿ ಊಟ ಸಾಗಿಸಲು ಒಬ್ಬ ಬೇಕೆಂದು ಬರೆದಿದ್ದರು. ಸದಾನಂದನ ಹೆಂಡತಿ ಸರಸ ಆ ಸುದ್ದಿಯನ್ನು ಓಣಿಯ ಕೊಳಾಯಿಯ ಬಳಿ ಒಂದೇ ಸಲ ಹೇಳಿದ್ದಳು, ಅಷ್ಟು ಸಾಕಾಯಿತು. ಅಲ್ಲಿಯವರೆಗೆ ಅವನನ್ನು ‘ಹೋಟೆಲ್ನೋರು’ ಎನ್ನುತ್ತಿದ್ದ ಪಕ್ಕದ ಮನೆಯ ಶಾರದಮ್ಮ, ರೈಲ್ವೆ ಗಾರ್ಡ್ ನಂಜುಂಡಯ್ಯನವರ ಹೆಂಡತಿ, ಮರುದಿನದಿಂದ ‘ಸದಾನಂದರಾಯರು’ ಎನ್ನತೊಡಗಿದರು. ಲೈಸೆನ್ಸ್ ಸಿಗದೆ ಹೋದರೆ ಆ ‘ರಾಯರು’ ಸಂಜೆಯೊಳಗೆ ಉದುರಿಹೋಗುವುದು ಖಂಡಿತ.

ಪರೀಕ್ಷೆಯ ದಿನ ಬೆಳಿಗ್ಗೆ ಶಾರದಮ್ಮ ಗಂಡನ ಬೂಟು ಹಿಡಿದುಕೊಂಡೇ ಬಂದರು.

“ಫಾರಿನ್ನಿಗೆ ಹೋಗೋರು ಬರಿಗಾಲಲ್ಲಿ ಪರೀಕ್ಷೆ ಕೊಟ್ರೆ ನಮ್ ಬೀದಿ ಮರ್ಯಾದೆ ಏನಾಗ್ಬೇಕು ರಾಯರೇ?”

ಬೂಟು ಎರಡು ಬೆರಳು ದೊಡ್ಡದಿತ್ತು. ಸರಸ ತುದಿಗೆ ಹಳೆ ಬಟ್ಟೆ ತುರುಕಿದಳು. ಸದಾನಂದ ಕೆಸರುಗದ್ದೆಗಿಳಿದ ಕೋಣದ ಹಾಗೆ ಹೆಜ್ಜೆ ಕಿತ್ತಿಡುತ್ತ ಹೊರಟ. ಮಧ್ಯಾಹ್ನದ ಊಟವನ್ನು ಅಲ್ಲಿಂದಲೇ ಸ್ಟುಡಿಯೋಕ್ಕೆ ಒಯ್ಯಬೇಕಾದ್ದರಿಂದ ಚಂದುವೂ ಕ್ಯಾರಿಯರ್ ಸಮೇತ ಜೊತೆಗೆ ಬಂದ.

ಮೈದಾನದಲ್ಲಿ ಇನ್‌ಸ್ಪೆಕ್ಟರು ಸುಣ್ಣದ ಗೆರೆ ತೋರಿಸಿ, ಇಲ್ಲಿ ನಿಲ್ಲಿಸು ಎಂದರು. ಬೂಟಿನೊಳಗಿನ ಕಾಲಿಗೆ ಬ್ರೇಕು ಸಿಗಲಿಲ್ಲ. ಗಾಡಿ ಗೆರೆ ದಾಟಿತು, ಇನ್‌ಸ್ಪೆಕ್ಟರ ಕುರ್ಚಿಯನ್ನೂ ದಾಟಿತು. ಅವರು ಆಡಿನಂತೆ ಪಕ್ಕಕ್ಕೆ ಜಿಗಿದು ಉಳಿದರು. ಆಮೇಲೆ, ನಿಲ್ಲುವಾಗ ಕೈ ಹೇಗೆ ತೋರಿಸುತ್ತೀ ಎಂದು ಕೇಳಿದರು. ಮೋಟಾರ್ ಸೈಕಲ್ ಹತ್ತುವ ಮೊದಲು ಹತ್ತು ವರ್ಷ ಬಡಿಸಿದ ಕೈ ಅದು. ನಾಲ್ಕು ದೋಸೆ ತಟ್ಟೆ ಹೊತ್ತಂತೆ ಅಂಗೈ ಮೇಲಾಗಿ ಹೆಗಲ ಮಟ್ಟಕ್ಕೆ ಎದ್ದುನಿಂತಿತು. ಚಟ್ನಿ ಯಾವಾಗ ಬರುತ್ತದೆ ಎಂದು ಇನ್‌ಸ್ಪೆಕ್ಟರು ತಮಿಳಿನಲ್ಲಿ ವಿಚಾರಿಸಿದರು. ಸರದಿಯಲ್ಲಿದ್ದವರೆಲ್ಲ ನಕ್ಕರು.

ಸದಾನಂದನ ಮುಖ ಬಾಡಿತು. ಬೇಲಿಯ ಬಳಿ ನಿಂತಿದ್ದ ಚಂದು ಮೆಲ್ಲಗೆ ಹೇಳಿದ, “ಅಣ್ಣ, ಆ ಬೂಟು ತೆಗೆದು ಆಚೆ ಇಡು. ನಿನ್ನ ಕಾಲಿಗೆ ಕಣ್ಣುಂಟು ಮಾರಾಯ.”

ಸದಾನಂದ ಬೂಟು ಕಳಚಿದ. ಇನ್ನೊಂದು ಸಲ ನೋಡಬೇಕೆಂದು ಕೈಮುಗಿದು ಬೇಡಿಕೊಂಡು, ಚಂದುವನ್ನು ಕ್ಯಾರಿಯರ್ ಸಮೇತ ಹಿಂದೆ ಕೂರಿಸಿಕೊಂಡ. ಮೈದಾನವನ್ನು ಮೂರು ಸುತ್ತು ಹಾಕಿ, ಸಾಲಾಗಿ ಇಟ್ಟಿದ್ದ ಖಾಲಿ ಡ್ರಮ್ಮುಗಳ ನಡುವೆ ಹಾವಿನಂತೆ ಹರಿದು, ಗೆರೆಯ ಮೇಲೆ ದಾರ ಹಿಡಿದಂತೆ ನಿಲ್ಲಿಸಿದ. ಇನ್‌ಸ್ಪೆಕ್ಟರು ಕ್ಯಾರಿಯರಿನ ಮುಚ್ಚಳ ತೆಗೆಸಿ ನೋಡಿದರು. ಸಾಂಬಾರು ಒಂದು ಹನಿಯೂ ತುಳುಕಿರಲಿಲ್ಲ. ಅವರು ಸಹಿ ಹಾಕಿದರು.

ಸಂಜೆ ಫೋಟೋ ಅಂಟಿಸಿದ ಲೈಸೆನ್ಸನ್ನು ಎದೆಯ ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಸದಾನಂದ ಹೋಟೆಲಿಗೆ ಬಂದ. ಅಡಿಗೆಯ ತಿರುಮಲ ಗಾಡಿಗೆ ಕುಂಕುಮ ಹಚ್ಚಿದ. ಲೈಸೆನ್ಸ್ ಕೈಯಿಂದ ಕೈಗೆ ದಾಟಿತು. ಆ ಹೋಟೆಲಿನಲ್ಲಿ ಸರಕಾರದ ಮೊಹರಿನ ಕೆಳಗೆ ಮುಖವಿದ್ದವನು ಅವನೊಬ್ಬನೇ. ಇಡೀ ಓಣಿಯೇ ಪರೀಕ್ಷೆಯಲ್ಲಿ ಗೆದ್ದ ಹಾಗೆ ಶಾರದಮ್ಮ, ಮರಳಿ ಬಂದ ಬೂಟು ಹಿಡಿದುಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು.

ಮಧ್ವರಾಜರು ಲೈಸೆನ್ಸನ್ನು ಎರಡು ಸಲ ಓದಿ, ಮೇಜಿನ ಮೇಲಿದ್ದ ಪಿನಾಂಗಿನ ಕಾಗದ ಎತ್ತಿಕೊಂಡರು.

“ಮಧ್ಯಾಹ್ನದ ಟಪಾಲಿಗೆ ತಮ್ಮನ ಕಾಗದ ಬಂತು. ಆ ಪರ್ಮಿಟ್ ನಡೆಯುವುದು ಊರು ನೋಡಲಿಕ್ಕೆ ಹೋದವರಿಗೆ ಮಾತ್ರ ಅಂತೆ. ಕೆಲಸಕ್ಕೆ ಹೋದವ ಅಲ್ಲಿ ಹೊಸದಾಗಿ ಕಲಿತು, ಹೊಸದಾಗಿ ಪರೀಕ್ಷೆ ಕೊಡಬೇಕು. ಗೊತ್ತಿದ್ದವ ಹೋದರೂ ಒಂದೇ, ಗೊತ್ತಿಲ್ಲದವ ಹೋದರೂ ಒಂದೇ.”

“ನಾನು ಕೊಡ್ತೇನೆ ಧಣಿ. ಇನ್ನು ಹತ್ತು ಪರೀಕ್ಷೆ ಬೇಕಾದರೂ ಕೊಡ್ತೇನೆ.”

“ನೀನು ಕೊಟ್ಟಾಯಿತಲ್ಲ. ಏಳು ವರ್ಷ ನೀನು ಗಾಡಿ ಹೊರಡಿಸಿದಾಗಲೆಲ್ಲ ನಾನಿಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಈಗ ಕಾಗದ ಇದ್ದವನನ್ನು ಸಮುದ್ರದಾಚೆ ಕಳಿಸಿ, ಮತ್ತೆ ಕಾಗದ ಇಲ್ಲದವನನ್ನು ಹುಡುಕಲಾ? ಪಿನಾಂಗಿಗೆ ಚಂದು ಹೋಗಲಿ. ಅವನ ಪಾಸ್‌ಪೋರ್ಟಿಗೆ ಫೋಟೋ ಬೇಕು. ಟಿ. ನಗರಕ್ಕೆ ನೀನೇ ಕರಕೊಂಡು ಹೋಗು. ಇವತ್ತಿಂದ ಹೆದರಿಕೆ ಇಲ್ಲ.”

ಶಾರದಮ್ಮ ಚಂದುವಿನ ಕಡೆ ತಿರುಗಿ, ಬೂಟು ಒಂದು ಕ್ಷಣ ಹಾಕಿ ನೋಡಿ ಚಂದುರಾಯರೇ ಎಂದರು.

ಬೂಟು ಅವನಿಗೆ ಅಳೆದು ಹೊಲಿದಂತಿತ್ತು. ಸದಾನಂದ ಲೈಸೆನ್ಸನ್ನು ಜೇಬಿನ ತಳಕ್ಕೆ ಒತ್ತಿ ಗಾಡಿ ಹೊರಡಿಸಿದ. ಓಣಿಯ ತಿರುವಿನಲ್ಲಿ ಚಂದು ಅವನ ಹೆಗಲ ಮೇಲಿಂದ ಬಗ್ಗಿ ಕೇಳಿದ:

“ಅಣ್ಣ, ಈ ಕ್ಲಚ್ಚು ಅಂದರೆ ಇದರಲ್ಲಿ ಯಾವುದು?”

ಸದಾನಂದ ಗಾಡಿ ನಿಲ್ಲಿಸಿ, ನಿಧಾನವಾಗಿ ತೋರಿಸಿಕೊಟ್ಟ.